ಮೆನುವಿನ ಒಂದು ಸಾಲು
ಕನ್ನಡಕ್ಕೆ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಉಡುಪಿ, ಮಣಿಪಾಲದ ನಂಟಿನವರು. ಟೈಪ್ ಮಾಡುವ ದಾರಿ ನಮಗೆ ಸಿಕ್ಕಿತು. ತಂತ್ರಾಂಶದ ಕೈಪಿಡಿಯೊಳಗೆ ಓಡಾಡುವ ದಾರಿಯ ಬಗ್ಗೆ ಮಾತ್ರ ಇನ್ನೂ ಅಸಡ್ಡೆ. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಕೈಪಿಡಿ ನೋಡಿ: ಟೆಕ್ಸ್‌ಇನ್ಫೋ ಎಂಬ ಕೈಪಿಡಿ ರೂಪಿಸುವ ವ್ಯವಸ್ಥೆಯಲ್ಲಿ ಬರೆದ ಅದರ ಬಹುತೇಕ ಅಧ್ಯಾಯಗಳ ಬಾಗಿಲಲ್ಲೇ ಮೆನು ಇದೆ. ಮೆನುವಿನ ಒಂದು ಸಾಲೆಂದರೆ ಒಂದು ನಕ್ಷತ್ರಚಿಹ್ನೆ, ವಿಭಾಗದ ಹೆಸರು, ಎರಡು ಕೋಲನ್, ಒಂದು ಸಾಲಿನ ವಿವರಣೆ. ವಿಭಾಗದ ಹೆಸರು ಬದಲಿಸಿ ಮೆನುವಿನಲ್ಲಿ ಹಳೆಯದನ್ನೇ ಬಿಟ್ಟರೆ ಓದುಗ ಮುಚ್ಚಿದ ಬಾಗಿಲು ತಟ್ಟುತ್ತಾನೆ. ಹೆಸರುಗಳ ಪಟ್ಟಿಯನ್ನು ಈಮ್ಯಾಕ್ಸ್‌ನ ಒಂದು ಆಜ್ಞೆಯೇ ಸರಿಪಡಿಸುತ್ತದೆ. ವಿವರಣೆಯ ಆ ಒಂದು ಸಾಲನ್ನು ಮಾತ್ರ ಮನುಷ್ಯರೇ ಬರೆಯಬೇಕು. ನನ್ನ ಮಟ್ಟಿಗೆ ಇಡೀ ಕೈಪಿಡಿಯಲ್ಲಿ ಅತಿ ಕಷ್ಟದ ಬರವಣಿಗೆ ಅದೇ. ಮಣಿಪಾಲ, ನಿಟ್ಟೆಗಳಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಕಾಪು, ಕಾರ್ಕಳದ ಮಕ್ಕಳೇ, ಆ ಸಾಲುಗಳನ್ನು ಕನ್ನಡದಲ್ಲಿ ಬರೆಯಲು ಕೂರಿ.