ಊರ ಹೆಸರು ಮುಚ್ಚಿಟ್ಟು ಮಾಲು ಮಾರುವ ಜಾಣರು!

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಕುಳಿತು ಈ ಪುಟ ಓದುತ್ತಿರುವ ಕನ್ನಡದ ಯುವಕ ಯುವತಿಯರೇ, ಇವತ್ತು ನೀವು ಉಂಡ ಸಾರಿನ ಬೇಳೆ ಯಾವ ಊರಿನದು? ಗೊತ್ತಿಲ್ಲ, ಅಲ್ಲವೇ? ನಿಮ್ಮನ್ನು ಬೈಯುವುದಿಲ್ಲ. ಹೇಳಬೇಕಾದವರೇ ಬಾಯಿ ಬಿಡಲಿಲ್ಲ.

ನಾನು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿಯುಸಿ. ವ್ಯಾಪಾರಶಾಸ್ತ್ರದ ಪದವಿ ನನ್ನ ಬಳಿ ಇಲ್ಲ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಸಣ್ಣ ವ್ಯಾಪಾರಿಗಳು ಜಗತ್ತಿಗೆ ಏನು ಹೇಳಬೇಕೆಂದರೂ ಮೊದಲು ನನ್ನಂಥವನ ಮೇಜಿನ ಮುಂದೆ ಬಂದು ಹೇಳುತ್ತಾರೆ. ಹ್ಯಾಂಡ್‌ಬಿಲ್, ಬಿಲ್‌ಬುಕ್, ಚೀಲ, ಪಾಕೀಟು... ಹಾಗಾಗಿ ಅವರು ಎಡವುವ ಜಾಗ ನನಗೆ ಚೆನ್ನಾಗಿ ಗೊತ್ತು. ಅವರು ಎಲ್ಲವನ್ನೂ ಅಚ್ಚು ಹಾಕಿಸುತ್ತಾರೆ, ಊರಿನ ಹೆಸರೊಂದನ್ನು ಬಿಟ್ಟು!

ಮೊದಲು ಕಲ್ಲಿನ ಕಥೆ ಕೇಳಿ. ನಮ್ಮ ಸೀಮೆಯ ನೆಲದಡಿ ಇರುವುದು ಸುಣ್ಣದ ಕಲ್ಲು. ಪದರು ಪದರಾಗಿ ಏಳುತ್ತದೆ. ಅದೇ ಶಾಬಾದಿ ಪರಸಿ. ಬೆಂಕಿಯಂಥ ಬೇಸಿಗೆಯಲ್ಲೂ ಬರಿಗಾಲಿಗೆ ತಂಪು. ಮಹಾರಾಷ್ಟ್ರದಲ್ಲಿ 'ಶಹಾಬಾದಿ ಫರಶಿ' ಎಂದರೆ ಹಳೆಯ ಗೌಂಡಿಗಳಿಗೆಲ್ಲ ಗೊತ್ತು. ಭೂವಿಜ್ಞಾನಿಗಳು ಆ ಕಲ್ಲಿನ ಪದರಿಗೇ ಶಹಾಬಾದ್ ಎಂದು ಹೆಸರಿಟ್ಟಿದ್ದಾರೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಬಂತು. ಹೆಸರೂ ಇತ್ತು, ಹಳಿಯೂ ಇತ್ತು. ಮತ್ತೆ ಸೋತಿದ್ದೆಲ್ಲಿ?

ಗುಜರಾತಿನ ಮೊರ್ಬಿಯಿಂದ ಬರುವ ಟೈಲ್ಸ್ ಡಬ್ಬಿ ಒಂದನ್ನು ಎತ್ತಿ ಓದಿ. ಅಳತೆ, ಒಳಗೆಷ್ಟು ತುಂಡು, ಎಷ್ಟು ಚದರಡಿಗೆ ಸಾಕು, ಯಾವ ಕಂಪನಿ, ಎಲ್ಲ ಮೇಲೆಯೇ ಇರುತ್ತದೆ. ನಮ್ಮ ಕಲ್ಲು? ಲಾರಿಯಲ್ಲಿ ಬೆತ್ತಲೆಯಾಗಿ ಹೋಗುತ್ತದೆ. ದಪ್ಪ ಎಷ್ಟು, ಯಾವ ಖಣಿಯದು, ಒಡೆದು ಬಂದರೆ ಯಾರನ್ನು ಕೇಳಬೇಕು, ಒಂದು ಚೀಟಿಯೂ ಇಲ್ಲ. ಒಬ್ಬ ಕೆಟ್ಟ ಮಾಲು ಕಳಿಸಿದರೆ ಅವನ ಹೆಸರು ಕೆಡುವುದಿಲ್ಲ, ಶಹಾಬಾದದ ಹೆಸರು ಕೆಡುತ್ತದೆ. ಗಿರಾಕಿ ದೂರ ಸರಿದಾಗ ಇವರು ಮಾಡಿದ್ದೇನು? ಧಾರಣೆ ಇಳಿಸಿದರು. ಪಕ್ಕದ ಖಣಿಯವನು ಇನ್ನೂ ಇಳಿಸಿದ. ಇಬ್ಬರೂ ಸೇರಿ ಕಲ್ಲನ್ನು 'ಅಗ್ಗದ ಮಾಲು' ಮಾಡಿಟ್ಟರು. ರಾಜಸ್ಥಾನದ ಕೋಟಾ ಕಲ್ಲೂ ಸುಣ್ಣದ ಕಲ್ಲೇ. ಅದು ಪಾಲಿಶ್ ಹಾಕಿಕೊಂಡು, 'ಕೋಟಾ' ಎಂದು ಊರ ಹೆಸರು ಹೇಳಿಕೊಂಡೇ ಬೆಂಗಳೂರಿನ ಮನೆ ಹೊಕ್ಕಿತು. ಚೀಟಿ ಅಂಟಿಸಿದ್ದರೆ ಟೈಲ್ಸ್ ಬರುತ್ತಲೇ ಇರಲಿಲ್ಲ ಎನ್ನುವಷ್ಟು ದಡ್ಡ ನಾನಲ್ಲ. ಆದರೆ ಹೆಸರಿದ್ದವನು ಹೆಸರು ಹೇಳದೆ ಸೋಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇದೇ ಸುಣ್ಣದ ಕಲ್ಲನ್ನು ಸಿಮೆಂಟಿನವರು ಏನು ಮಾಡಿದರು ನೋಡಿ. ವಾಡಿಯಲ್ಲಿ ಎಸಿಸಿ 1968ರಿಂದ ಇದೆ. ಸೇಡಂನಲ್ಲಿ ವಾಸವದತ್ತಾ ಕಾರ್ಖಾನೆ ಇದೆ. ಅವರು ಕಲ್ಲನ್ನು ಪುಡಿ ಮಾಡಿ ಚೀಲಕ್ಕೆ ತುಂಬಿ, ಚೀಲದ ಎರಡೂ ಮಗ್ಗುಲಿಗೆ ಗೇಣುದ್ದದ ಅಕ್ಷರದಲ್ಲಿ ತಮ್ಮ ಹೆಸರು ಹೊಡೆಯುತ್ತಾರೆ. ಪುಡಿಗೆ ಹೆಸರುಂಟು, ಇಡೀ ಕಲ್ಲಿಗೆ ಹೆಸರಿಲ್ಲ!

ಇನ್ನು ತೊಗರಿ. ಕಲಬುರಗಿ ಜಿಲ್ಲೆ ತೊಗರಿಯ ಕಣಜ. ಕ್ಯಾಲ್ಸಿಯಂ, ಪೊಟ್ಯಾಷ್ ಹೆಚ್ಚಿರುವ ಮಣ್ಣು, ಅದಕ್ಕೇ ಈ ಬೇಳೆಗೆ ಆ ರುಚಿ. ನಮ್ಮ ದಾಲ್‌ಮಿಲ್ಲಿನವರು ಇದನ್ನು ಬಿಳಿ ಚೀಲದಲ್ಲಿ ತುಂಬಿ ದಲ್ಲಾಳಿಗೆ ಕೊಡುತ್ತಾರೆ. ದೂರದ ಊರಿನ ಪ್ಯಾಕಿಂಗ್‌ನವನು ಅದನ್ನೇ ಒಂದು ಕಿಲೋ ಪಾಕೀಟು ಮಾಡಿ, ತನ್ನ ಹೆಸರು ಹಾಕಿ ನಿಮಗೆ ಮಾರುತ್ತಾನೆ.

ಸ್ವಂತ ಪಾಕೀಟು ಮಾಡುವವರು ಇಲ್ಲವೆಂದಲ್ಲ. ಒಬ್ಬ ಮಿಲ್ ಮಾಲಕರು ಡಿಸೈನ್ ಮಾಡಿಸಲು ಬಂದಿದ್ದರು. ಇಂಗ್ಲಿಷಿನಲ್ಲಿ ಏನೋ 'ಗೋಲ್ಡ್' ಅಂತೆ, ಮೇಲೊಂದು ಕಿರೀಟ. ಸೇಡಂ ಎಲ್ಲಿ ಹಾಕಲಿ ಎಂದು ಕೇಳಿದೆ.

"ಹಿಂದ, ಕೆಳಗ, ಸಣ್ಣದಾಗಿ ಹಾಕ್ರಿ. ಕನ್ನಡ ಬ್ಯಾಡ್ರಿ, ಇಂಗ್ಲಿಷ್‌ನಾಗ ಇದ್ರ ಕಂಪನಿ ಮಾಲು ಅಂತಾರ."

ಅಲ್ರಿ ಸಾಹುಕಾರ್ರ, ಕಿರೀಟ ಯಾರು ಬೇಕಾದರೂ ಹಾಕಿಕೊಳ್ಳಬಹುದು. 'ಗೋಲ್ಡ್' ಎಂದು ಮುಂಬೈಯವನೂ ಬರೆದುಕೊಳ್ಳಬಹುದು. ಸೇಡಂ ಎಂದು ಅವನು ಬರೆಯಲಾರ! ದೊಡ್ಡ ಕಂಪನಿಯ ಬಳಿ ಇಲ್ಲದ ಒಂದೇ ಒಂದು ಆಸ್ತಿ ನಿಮ್ಮ ಬಳಿ ಇರುವುದು, ಅದನ್ನೇ ಹಿಂದೆ, ಕೆಳಗೆ, ಸಣ್ಣದಾಗಿ ಹಾಕಿಸುತ್ತೀರಿ.

ಕಾನೂನು ಒಪ್ಪುವುದಿಲ್ಲ ಎನ್ನುವವರೂ ಇದ್ದಾರೆ. ಸುಳ್ಳು. 2011ರ ಪ್ಯಾಕೇಜ್ಡ್ ಕಮಾಡಿಟಿಸ್ ನಿಯಮ ತೂಕ, ಬೆಲೆ ಮುಂತಾದ ವಿವರಗಳು ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ಇರಲೇಬೇಕು ಎನ್ನುತ್ತದೆ. ಆ ನಿಯಮವನ್ನು ನಾನು ಒಪ್ಪುವವನಲ್ಲ, ಆ ಜಗಳ ಬೇರೆ. ಆದರೆ ಜೊತೆಗೆ ಬೇರೆ ಭಾಷೆಯಲ್ಲೂ ಹಾಕಬಹುದು ಎಂದು ಅದೇ ನಿಯಮದಲ್ಲಿದೆ. ಕನ್ನಡಕ್ಕೆ ಅಡ್ಡ ನಿಂತಿರುವುದು ಕಾನೂನಲ್ಲ, ನಮ್ಮ ಕೀಳರಿಮೆ.

ಹ್ಯಾಂಡ್‌ಬಿಲ್ ವಿಷಯ ಹೆಚ್ಚು ಹೇಳುವುದಿಲ್ಲ. ಸೀರೆ ಅಂಗಡಿಯಿರಲಿ, ಪಂಪ್‌ಸೆಟ್ ಅಂಗಡಿಯಿರಲಿ, ಎಲ್ಲರಿಗೂ ಒಂದೇ ಮಾತು: 'ಯೋಗ್ಯ ದರದಲ್ಲಿ ದೊರೆಯುತ್ತವೆ, ಒಮ್ಮೆ ಭೇಟಿ ಕೊಡಿ'. ಮೇಲೆ ಮುಖಂಡರ ಫೋಟೋ, ಕೆಳಗೆ ಅಣ್ಣತಮ್ಮಂದಿರ ಫೋಟೋ. ಮಾಲಿನ ಫೋಟೋಕ್ಕೆ ಜಾಗವೇ ಉಳಿದಿರುವುದಿಲ್ಲ!

ಕನ್ನಡಿಗರಿಗೆ ಮಾರುವ ಕಲೆ ಬಾರದು ಎಂದು ಯಾರಾದರೂ ಹಲ್ಲು ಕಿರಿದರೆ ಮೈಸೂರು ಸ್ಯಾಂಡಲ್ ಸೋಪು ತೋರಿಸಿ. 1918ರಲ್ಲಿ ಬಂದ ಸೋಪು. ಒಡವೆ ಪೆಟ್ಟಿಗೆಯಂಥ ಡಬ್ಬಿ, ಅದರ ಮೇಲೆ ಊರ ಹೆಸರು. ಟ್ರಾಮ್ ಟಿಕೆಟ್ಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಜಾಹೀರಾತು ಹಾಕಿದರು. ನೂರು ವರ್ಷ ದಾಟಿದರೂ ಆ ಹೆಸರು ಅಳಿದಿಲ್ಲ. ಸರ್ಕಾರದ ದುಡ್ಡಿತ್ತು, ನಿಜ. ಆದರೆ ಊರ ಹೆಸರು ದೊಡ್ಡದಾಗಿ ಬರೆಯಲು ಸರ್ಕಾರದ ದುಡ್ಡು ಬೇಕೇ?

ಈಗ ನಿಮ್ಮ ಪಾಲಿನ ಮಾತು. 2019ರಲ್ಲಿ 'ಗುಲ್ಬರ್ಗಾ ತೊಗರಿಬೇಳೆ'ಗೆ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿತು. (ಊರು 2014ರಲ್ಲೇ ಕಲಬುರಗಿ ಆಗಿತ್ತು, ಬೇಳೆಗೆ ಮಾತ್ರ ಹಳೆ ಹೆಸರು!) ಸೇಡಂ ದಾಟಿ ಅದೇ ಹಳಿ ಹಿಡಿದು ಹೋದರೆ ಸಿಗುವ ತೆಲಂಗಾಣದ ತಾಂಡೂರು, 2022ರಲ್ಲಿ ತನ್ನ ತೊಗರಿಗೂ ಅದೇ ಗುರುತು ಪಡೆಯಿತು. ಅವರೇನು ಸುಮ್ಮನೆ ಕೂರುವುದಿಲ್ಲ.

ಗುರುತು ಸಿಕ್ಕರೆ ಎಲ್ಲ ಮುಗಿಯಿತು ಎಂದುಕೊಂಡಿದ್ದಾರೆ ನಮ್ಮವರು. ಪಾಕೀಟಿನ ಮೇಲೆ ಅದನ್ನು ಹಾಕಬೇಕಾದರೆ ಪ್ರತಿಯೊಬ್ಬನೂ 'ಅಧಿಕೃತ ಬಳಕೆದಾರ' ಎಂದು ಬೇರೆಯಾಗಿ ನೋಂದಣಿ ಮಾಡಿಸಬೇಕು. ಬೆಳೆಯುವ ರೈತ, ಬೇಳೆ ಮಾಡುವ ಮಿಲ್ಲಿನವ, ಪ್ಯಾಕ್ ಮಾಡುವವ, ಮೂವರಿಗೂ ಅವಕಾಶವಿದೆ. 500 ರೂಪಾಯಿ ಇದ್ದ ಅರ್ಜಿ ಶುಲ್ಕವನ್ನು 2020ರಲ್ಲಿ 10 ರೂಪಾಯಿಗೆ ಇಳಿಸಿದರು. ಒಂದು ಕಪ್ ಚಹಾದ ದುಡ್ಡು! ಅರ್ಜಿ ಹೋಗಬೇಕಾದ್ದು ಚೆನ್ನೈನ ಜಿಐ ಕಚೇರಿಗೆ. ನಮ್ಮ ಚಿಂಚೋಳಿಯ ಕಾಕಾ ಆ ಫಾರಂ ನೋಡಿಯೇ ಹೆದರುತ್ತಾನೆ. ಇಂಗ್ಲಿಷ್ ಫಾರಂ ತುಂಬುವುದು ನಿಮಗೆ ಒಂದು ಸಂಜೆಯ ಕೆಲಸ. ದೀಪಾವಳಿಗೆ ಊರಿಗೆ ಬಂದಾಗ ಮೊಬೈಲ್ ಒಂದು ತಾಸು ಕೆಳಗಿಟ್ಟು ಅದನ್ನು ತುಂಬಿಕೊಡಿ. ಪಾಕೀಟಿನ ಪ್ರೂಫ್ ನೋಡಲು ನನ್ನಂಥ ಪ್ರೆಸ್ಸಿನವರು ಪ್ರತಿ ಊರಿನಲ್ಲೂ ಇದ್ದೇವೆ. ಊರ ಹೆಸರನ್ನು ಮುಂದೆ, ಮೇಲೆ, ಕನ್ನಡದಲ್ಲಿ ಹಾಕಿಸಿ.