"ಎದ್ದು ನಿಂತು ಓದು" ಅಂದ್ರ ಓದು ಬರಲ್ಲ

ಓದಿನ ಸರಣಿ, ಭಾಗ 4. ಮೊದಲಿನ ಮೂರು ಪ್ರೊಫೈಲ್‌ನಾಗ ಅದಾವ.

ಹೈಸ್ಕೂಲಿನ ಕನ್ನಡ ಪಿರಿಯಡ್ ನೆನಪು ಮಾಡ್ಕೊಳ್ರಿ. ಸರ್ ಬಂದು "ನೀ ಏಳು, ಮೊದಲನೇ ಪ್ಯಾರಾ ಓದು" ಅಂತಾರ. ಓದಾಕ ಬರೋ ಹುಡುಗಿ ಗಡಗಡ ಓದಿ ಕುಂದರ್ತಾಳ. ಮುಂದಿನವ ಎದ್ದು "ಸ್ವಾತಂತ್ರ್ಯ" ಅನ್ನೋ ಶಬ್ದದ ಮುಂದ ನಿಂತುಬಿಡ್ತಾನ. ಹಿಂದಿನ ಬೆಂಚು ನಗ್ತದ. ಮರುವಾರದಿಂದ ಅವ ಆ ಪಿರಿಯಡ್ಡಿಗೇ ಬರಂಗಿಲ್ಲ. ಆಮೇಲೆ ಅವನಿಗೆ "ಸೋಮಾರಿ" ಅಂತ ಹೆಸರು ಬೀಳ್ತದ.

ಸೋಮಾರಿತನ ಅಲ್ಲ ಅದು. ಆ ಶಬ್ದದ ಕೊನೆಯ ಅಕ್ಷರ ನೋಡ್ರಿ, "ತ್ರ್ಯ". ತ, ರ, ಯ ಮೂರೂ ಒಂದರ ಕೆಳಗ ಒಂದು. ಕನ್ನಡದಾಗ 49 ಅಕ್ಷರ ಕಲಿತರ ಮುಗೀತು ಅನ್ನಂಗಿಲ್ಲ, ಕಾಗುಣಿತ ಅದ, ಒತ್ತಕ್ಷರ ಅದ. ಇವು ಕೈಗೆ ಹತ್ತೋದು ಪ್ರೈಮರಿಯಾಗ, ದಿನಾ ರೂಢಿ ಮಾಡಿದ್ರ ಮಾತ್ರ. ನಮ್ಮ ಕಲ್ಮಲ, ಮಾನ್ವಿ, ದೇವದುರ್ಗ ಕಡೆ ಆ ವಯಸ್ಸಿನಾಗೇ ಹುಡುಗ್ರು ಹತ್ತಿ ಬಿಡಿಸಾಕ, ಮೆಣಸಿನಕಾಯಿ ಬಿಡಿಸಾಕ ಹೋಗ್ತಾರ, ಇಲ್ಲಾ ಅಪ್ಪ-ಅವ್ವನ ಜೊತಿ ಬೆಂಗಳೂರಿಗೆ ಗುಳೆ ಹೋಗ್ತಾರ. ತಿರುಗಿ ಬರೋದ್ರಾಗ ಕ್ಲಾಸು ಮುಂದ ಹೋಗಿರ್ತದ. ಕೆಲವರ ಮನ್ಯಾಗ ತೆಲುಗೋ ಉರ್ದುವೋ ಇರ್ತದ, ಅದು ಬ್ಯಾರೆ. ಎಂಟನೇ ಕ್ಲಾಸಿಗೆ ಬಂದಮ್ಯಾಲ ಅಕ್ಷರ ಕಲಿಸೋದು ಯಾರ ಕೆಲಸಾನೂ ಅಲ್ಲ. ಕಾಮರ್ಸ್‌ನವ್ರಿಗೆ ಗೊತ್ತಾಗೋ ಹಂಗ ಹೇಳ್ಬೇಕಂದ್ರ, ಓಪನಿಂಗ್ ಬ್ಯಾಲೆನ್ಸ್ ತಪ್ಪೈತಿ, ವರ್ಷಾ ವರ್ಷಾ ಅದನ್ನೇ ಮುಂದಕ್ಕ ಒಯ್ತಾ ಇದ್ದಾರ.

ಇದು ನಮ್ಮ ಜಿಲ್ಲೆಯ ಕತಿ ಮಾತ್ರ ಅಲ್ಲ. 2023ರ ಅಸರ್ ಸಮೀಕ್ಷೆಯಾಗ 14ರಿಂದ 18 ವಯಸ್ಸಿನ ಗ್ರಾಮೀಣ ಹುಡುಗ-ಹುಡುಗಿಯರನ್ನ ಕೇಳಿದ್ರು. ಸುಮಾರು ಶೇ. 25ರಷ್ಟು ಮಂದಿಗೆ ತಮ್ಮ ಭಾಷೆಯ ಎರಡನೇ ತರಗತಿ ಪಾಠಾನೂ ಸರಾಗವಾಗಿ ಓದಾಕ ಬರ್ಲಿಲ್ಲ.

ಹಂಗಾದ್ರ ಏನ್ ಮಾಡಬೇಕು? ನನ್ನ ಪ್ರಕಾರ ಮೊದಲು, ತಯಾರಿ ಇಲ್ಲದ ಹುಡುಗನ್ನ ಎಬ್ಬಿಸಿ ನಿಲ್ಲಿಸೋದು ಬಂದ್ ಆಗ್ಬೇಕು. ಸರ್ ಒಮ್ಮೆ ಜೋರಾಗಿ ಓದಲಿ, ಆಮ್ಯಾಲ ಎಲ್ರೂ ಕೂಡಿ ಓದ್ಲಿ, ಆಮ್ಯಾಲ ಜೋಡಿಯಾಗಿ. ಒಬ್ಬನೇ ಓದೋದು ಕಡೀಗೆ, ಅದೂ ಅವನಿಗೆ ಮನಸ್ಸಿದ್ರ. ಹೊಸದೇನಲ್ಲ ಇದು. ಮೊಹರಂ ಟೈಮಿನಾಗ ರಿವಾಯತ್ ಪದ ಹಾಡೋರನ್ನ ನೋಡ್ರಿ. ಒಬ್ಬರು ಹೇಳ್ತಾರ, ಉಳಿದವರು ಎತ್ತಿಕೊಳ್ತಾರ, ಹತ್ತು ಸಲ ಹೇಳಿದಮ್ಯಾಲ ನೋಟ್‌ಬುಕ್ಕಿನ ಸಾಲು ತಾನೇ ಕಣ್ಣಿಗೆ ಬೀಳ್ತದ. ಯಾರೂ ನಗಂಗಿಲ್ಲ.

ಎರಡನೇದು, ತರಗತಿ ನೋಡಿ ಅಲ್ಲ, ಓದೋ ಮಟ್ಟ ನೋಡಿ ಗುಂಪು ಮಾಡೋದು. ಪ್ರಥಮ್ ಸಂಸ್ಥೆಯ ಪದ್ಧತಿ ಅದು. ನಮ್ಮ ರಾಜ್ಯದಾಗ "ಓದು ಕರ್ನಾಟಕ" ಅಂತ 4, 5ನೇ ಕ್ಲಾಸಿಗೆ ತಂದ್ರು. ಎಂಟು, ಒಂಬತ್ತಕ್ಕೂ ಬೇಕು ಅಂತೀನಿ. ಆದ್ರ 14 ವರ್ಷದವನ ಕೈಯಾಗ ಅಂಗನವಾಡಿ ಚಿತ್ರದ ಪುಸ್ತಕ ಕೊಟ್ರ ಅವನ ಮರ್ಯಾದಿ ಹೋಗ್ತದ. ಕ್ರಿಕೆಟ್ ಸುದ್ದಿ ಕೊಡ್ರಿ, ಎಣ್ಣಿ ಡಬ್ಬಿ ಮ್ಯಾಲಿನ ಸೂಚನೆ ಕೊಡ್ರಿ (ಹೊಲಕ್ಕ ಹೊಡಿಯೋ ಎಣ್ಣಿ, ತಪ್ಪು ತಿಳ್ಕೋಬ್ಯಾಡ್ರಿ). ಸ್ವಲ್ಪ ಓದು ಬಂದಮ್ಯಾಲ ತೇಜಸ್ವಿಯವರ "ಪರಿಸರದ ಕತೆ" ಕೊಡ್ರಿ.

ಓದಾಕ ಬಂದೂ ಓದದೇ ಇರೋರು ಬ್ಯಾರೆ ಜಾತಿ. ಇಷ್ಟುದ್ದ ಕ್ಯಾಪ್ಷನ್ ಇಲ್ಲೀತನ ಓದಿದ್ದೀರಿ ಅಂದ್ರ ನಿಮಗ ಓದು ಬ್ಯಾಡ ಅಂತೇನಿಲ್ಲ, ಪ್ರಶ್ನೋತ್ತರ ಬ್ಯಾಡ. ಅವರಿಗೆ ದಿನಕ್ಕ 15 ನಿಮಿಷ, ಮನಸ್ಸಿಗೆ ಬಂದ ಪುಸ್ತಕ, ಕೊನೆಗೆ ಪರೀಕ್ಷೆ ಇಲ್ಲ. ಅಷ್ಟ ಸಾಕು.

"ಸಿಲಬಸ್ ಯಾರು ಮುಗಿಸ್ತಾರ, ಎಸ್ಸೆಸ್ಸೆಲ್ಸಿ ರಿಸಲ್ಟ್ ಯಾರು ಕೊಡ್ತಾರ" ಅಂತ ಶಿಕ್ಷಕರು ಕೇಳ್ತಾರ. ನ್ಯಾಯವಾದ ಪ್ರಶ್ನೆನೇ, ಒತ್ತಡ ಅವರ ಮ್ಯಾಲ ಐತಿ. ಆದ್ರ ವಾರಕ್ಕ ಐದು ದಿನ 15 ನಿಮಿಷ ಅಂದ್ರ 75 ನಿಮಿಷ, ಎರಡು ಪಿರಿಯಡ್ಡೂ ಆಗಂಗಿಲ್ಲ. ಗಣಿತದ ಪ್ರಶ್ನೆಪತ್ರಿಕೆನೂ ಓದೇ ಬರೀಬೇಕು. ಗೈಡ್ ಬಾಯಿಪಾಠ ಮಾಡಿ ಪಾಸಾದವ ಪಿಯುಸಿಯಾಗ ಏನ್ ಮಾಡ್ತಾನ?

ಇಷ್ಟೆಲ್ಲ ಶಾಲಿ ಮಾಡೋವರೆಗೂ ಕಾಯ್ಬೇಕಂತಿಲ್ಲ. 2020ರಾಗ "ಓದುವ ಬೆಳಕು" ಅಂತ ಶುರುವಾತು, ಗ್ರಾಮ ಪಂಚಾಯಿತಿ ಗ್ರಂಥಾಲಯದಾಗ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಓಣಿಯಾಗ ಎಂಟನೇ ಕ್ಲಾಸಿನ ತಮ್ಮನೋ ತಂಗಿನೋ ಇದ್ರ ಭಾನುವಾರ ಕರ್ಕೊಂಡು ಹೋಗ್ರಿ. ಬಾಗಿಲು ಹಾಕಿದ್ರ ಕೀಲಿ ಯಾರ ಹತ್ರ ಅದ ಕೇಳ್ರಿ. ಪುಸ್ತಕ ಅವನೇ ಆರಿಸಲಿ. ಒಂದು ಸಾಲು ನೀವು, ಒಂದು ಸಾಲು ಅವ.