“ನಾ ಯಾರು, ಹೇಳಿ ನೋಡೋಣ?”

ದೀಪಾವಳಿಗೋ ಬೇಸಿಗೆ ರಜೆಗೋ ಬೆಂಗಳೂರಿನಿಂದ ತೀರ್ಥಹಳ್ಳಿ ಕಡೆಯ ಹಳ್ಳಿಮನೆಗೆ ಬಂದಿಳಿದ ಮೊಮ್ಮಕ್ಕಳು, ನೆಂಟರಿಷ್ಟರು ಜಗುಲಿಯಲ್ಲಿ ಕುಳಿತ ಅಜ್ಜಿಯ ಎದುರು ನಿಂತು ಮೊದಲು ಕೇಳುವ ಪ್ರಶ್ನೆ ಒಂದಿದೆ. “ಅಜ್ಜಿ, ನಾ ಯಾರು, ಹೇಳಿ ನೋಡೋಣ?” ಅಜ್ಜಿ ಮುಖ ನೋಡುತ್ತಾರೆ, ನಗುತ್ತಾರೆ, “ಗೊತ್ತಿಲ್ದೆ ಏನು?” ಎನ್ನುತ್ತಾರೆ. ಹೆಸರು ಮಾತ್ರ ಬರುವುದಿಲ್ಲ. ಕೇಳಿದವರು ಬಿಡುವುದೂ ಇಲ್ಲ. ಮೂರನೆಯ ಸಲ ಕೇಳುವ ಹೊತ್ತಿಗೆ ಅಜ್ಜಿಯ ನಗೆ ಹೋಗಿರುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಓದಿದ್ದೆಲ್ಲ ಮರೆತುಹೋಗಿ ಕಂಗಾಲಾಗಿ ಕುಳಿತ ವಿದ್ಯಾರ್ಥಿಗೆ ಈ ಅವಸ್ಥೆ ಚೆನ್ನಾಗಿ ಗೊತ್ತು. ಅವನ ಪರೀಕ್ಷೆ ಮೂರು ಗಂಟೆಗೆ ಮುಗಿಯುತ್ತದೆ, ಅಜ್ಜಿಯದು ಮನೆಗೆ ಬಂದ ಪ್ರತಿಯೊಬ್ಬರಿಂದಲೂ ಮತ್ತೆ ಆರಂಭವಾಗುತ್ತದೆ.

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮಲ್ಲಿ ಮಾಡಿರುವ ಅನಾಹುತ ಸಣ್ಣದಲ್ಲ. ವಯಸ್ಸಿನ ಮರೆವನ್ನೂ ಮಿದುಳಿನ ಕಾಯಿಲೆಯನ್ನೂ ಅದು ಒಂದೇ ಚೀಲಕ್ಕೆ ತುಂಬಿಬಿಟ್ಟಿದೆ. ಕಳೆದ ವಾರ ಅಡಿಕೆ ಮಂಡಿಯಲ್ಲಿ ಇದ್ದ ದರ ಮರೆತುಹೋಗುವುದು ವಯಸ್ಸು. ನಲವತ್ತು ವರ್ಷ ಮಂಡಿಯ ವ್ಯವಹಾರ ಮಾಡಿದವರಿಗೆ ನಾಲ್ಕು ಸಾಲಿನ ಲೆಕ್ಕ ಕೂಡಲಾಗದೆ ಹೋಗುವುದು ಬೇರೆಯದೇ ಸಂಗತಿ. ತಂಬುಳಿಗೆ ಎರಡು ಸಲ ಉಪ್ಪು ಬಿದ್ದರೆ ಯಾರೂ ಚಿಂತಿಸಬೇಕಿಲ್ಲ. ಜೀವಮಾನವಿಡೀ ತಂಬುಳಿ ಮಾಡಿದ ಕೈಗೆ ಮೊದಲು ಏನು, ಆಮೇಲೆ ಏನು ಎಂಬ ಕ್ರಮವೇ ತಪ್ಪಿದರೆ ವೈದ್ಯರಿಗೆ ತೋರಿಸಬೇಕು.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯೊಂದರಲ್ಲಿ ಇಂಥದೇ ಮರೆವಿಗೆ ಸಿಕ್ಕಿದ್ದ ಮಹಿಳೆಯೊಬ್ಬರನ್ನು ಕಂಡರು. ಆಕೆಗೆ ಆಗ 51 ವರ್ಷ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಜೀವಕೋಶಗಳ ನಡುವೆ ಗಡ್ಡೆಗಳಂಥ ಶೇಖರಣೆಯೂ, ಕೋಶಗಳ ಒಳಗೆ ಗಂಟು ಬಿದ್ದ ಎಳೆಗಳೂ ಕಂಡವು. ಅಂದರೆ ಇದು ಹಟವಲ್ಲ, ನಾಟಕವಲ್ಲ, ಸೊಸೆಯನ್ನು ಗೋಳು ಹೊಯ್ದುಕೊಳ್ಳುವ ಉಪಾಯವೂ ಅಲ್ಲ. ಹೊಸ ನೆನಪುಗಳನ್ನು ಹಿಡಿದಿಡುವ ಭಾಗಕ್ಕೆ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದರಿಂದ ಬೆಳಿಗ್ಗೆ ತಿಂದ ಕಡುಬು ಮರೆತುಹೋಗುತ್ತದೆ, ಎಂಟನೆಯ ವಯಸ್ಸಿನಲ್ಲಿ ಕಂಡ ಜಾತ್ರೆ ನೆನಪಿರುತ್ತದೆ.

ಇಂಥವರು ಸಂಜೆಯಾಗುತ್ತಿದ್ದಂತೆ ಹೆಚ್ಚು ಚಡಪಡಿಸುವುದುಂಟು. ಆಗ ಕೇಳಿಬರುವ ಮಾತು ಜಗತ್ತಿನಲ್ಲೆಲ್ಲ ಬಹುಮಟ್ಟಿಗೆ ಒಂದೇ: “ನಾ ಮನೆಗೆ ಹೋಗಬೇಕು.” ಐವತ್ತು ವರ್ಷ ಬಾಳಿದ ಮನೆಯ ಜಗುಲಿಯ ಮೇಲೆ ಕುಳಿತೇ ಈ ಮಾತು ಬರುತ್ತದೆ. ಅವರು ಕೇಳುತ್ತಿರುವುದು ಬಹಳ ಸಲ ಬಾಲ್ಯದ ಮನೆಯನ್ನು. ಸಾಗರ, ಹೊಸನಗರದ ಸೀಮೆಯಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಹಿಂದೆ ಸರಿದಾಗ ಊರುಗಳು, ತೋಟಗಳು, ದೇವಸ್ಥಾನಗಳು ನೀರಿನಡಿ ಸೇರಿದವು. ಆಗ ಹತ್ತು, ಹದಿನೈದು ವರ್ಷದವರಾಗಿದ್ದ ಹುಡುಗ ಹುಡುಗಿಯರು ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಬಂದು ನೆಲೆಸಿದರು. ಅವರಿಗೆ ಈಗ ಎಪ್ಪತ್ತು ದಾಟಿದೆ, ಈ ಕಾಯಿಲೆ ಹೆಚ್ಚಾಗಿ ಕಾಣುವ ವಯಸ್ಸು ಅದು. ಮಳೆ ಕಡಿಮೆಯಾಗಿ ಹಿನ್ನೀರು ಇಳಿದ ಬೇಸಿಗೆಯಲ್ಲಿ 1948ರ ಹಳೆಯ ಮಡೆನೂರು ಅಣೆಕಟ್ಟು ಮೇಲೆದ್ದು ಕಾಣುವುದನ್ನು ಆ ಕಡೆಯ ಮಕ್ಕಳು ನೋಡಿದ್ದಾರೆ. ಈಚಿನ ನೆನಪು ಇಳಿದಂತೆ ಮುಳುಗಿದ ಮನೆಯ ಅಂಗಳ, ಹಿತ್ತಿಲ ಬಾವಿ, ದನದ ಕೊಟ್ಟಿಗೆ ಮೇಲೇಳುವುದೂ ಹೆಚ್ಚುಕಡಿಮೆ ಹಾಗೆಯೇ.

ಆಗ ಮನೆಯವರು ಸಹಜವಾಗಿ ನಿಜ ಹೇಳುತ್ತಾರೆ. “ಆ ಮನೆ ಎಲ್ಲಿದೆ? ಮುಳುಗಿ ಅರವತ್ತು ವರ್ಷ ಆಯ್ತು. ಅಪ್ಪಯ್ಯ ಸತ್ತು ನಲವತ್ತಾಯ್ತು.” ಹೇಳಿದವರ ಪಾಲಿಗೆ ಇದು ಹಳೆಯ ಸುದ್ದಿ. ಕೇಳಿದವರಿಗೆ ಮನೆ ಮುಳುಗಿದ್ದೂ ಅಪ್ಪಯ್ಯ ತೀರಿದ್ದೂ ಆ ಗಳಿಗೆಯಲ್ಲೇ. ಅತ್ತು ಸುಸ್ತಾಗಿ ಮಲಗಿ ಎದ್ದ ಮೇಲೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಸಾವು. ಸುಳ್ಳು ಹೇಳಬಾರದೆಂಬ ಪಾಠ ಒಳ್ಳೆಯದೇ. ಆದರೆ ಇಲ್ಲಿ ನಿಜದಿಂದ ಯಾರಿಗೆ ಏನು ಸಿಕ್ಕಿತು? ಹೀಗೆ ತಿದ್ದುವುದಕ್ಕಿಂತ ಆ ಮನೆಯ ಮಾತನ್ನೇ ಎತ್ತುವುದು ಮೇಲು. ತೋಟ ಎಷ್ಟು ದೊಡ್ಡದಿತ್ತು, ಎಮ್ಮೆಗೆ ಏನು ಹೆಸರಿತ್ತು ಎಂದು ಮಾತಿಗೆಳೆದರೆ ಹೊತ್ತು ಹೋಗುತ್ತದೆ. ಹೊರಟೇ ತೀರುತ್ತೇನೆಂದರೆ ಕೈಹಿಡಿದು ಉಣುಗೋಲಿನ ತನಕ ಜೊತೆಗೆ ನಡೆದು, ಅಲ್ಲಿ ಸ್ವಲ್ಪ ನಿಂತು, “ಕತ್ತಲಾಯ್ತು, ಕಾಫಿ ಕುಡಿದು ಹೋಗೋಣ” ಎಂದು ತಿರುಗಿಸಿಕೊಂಡು ಬರಬಹುದು. ಎಲ್ಲ ದಿನವೂ ಇದು ಫಲಿಸುತ್ತದೆ ಎಂದಲ್ಲ. ಜಗಳಕ್ಕಿಂತ ಹೆಚ್ಚು ಸಲ ಫಲಿಸುತ್ತದೆ.

ಒಬ್ಬರೇ ಹೊರಟುಬಿಡುವುದು ಮಾತ್ರ ನಿಜವಾದ ಅಪಾಯ. ಹೇಮಂತ್ ಎಂ. ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಅನಂತನಾಗ್ ಅಭಿನಯಿಸಿದ ವೆಂಕೋಬ್ ರಾವ್ ಹೀಗೆಯೇ ಕಾಣೆಯಾಗುತ್ತಾರೆ. ಚಿತ್ರದ ಹೆಸರೇ ಕಾಣೆಯಾದವರ ಪ್ರಕಟಣೆಯ ಒಕ್ಕಣೆ. ಪೇಟೆಯಲ್ಲಾದರೆ ಯಾರಾದರೂ ತಡೆದು ಕೇಳಿಯಾರು. ಆಷಾಢದ ಮಳೆಯಲ್ಲಿ, ಮನೆಗೊಂದು ಗುಡ್ಡವಿರುವ ಮಲೆನಾಡಿನಲ್ಲಿ, ತುಂಗೆಯೋ ತೋಟದ ಕೆರೆಯೋ ಹತ್ತಿರವೇ ಇರುವಾಗ ಅರ್ಧ ಗಂಟೆ ಬಹಳ ದೀರ್ಘ. ಜೇಬಿನಲ್ಲಿ ಹೆಸರು, ಊರು, ಫೋನ್ ಸಂಖ್ಯೆ ಬರೆದ ಚೀಟಿ ಇರಬೇಕು. ಪಕ್ಕದ ಮನೆಯವರಿಗೆ, ಬಸ್ಸಿನ ಕಂಡಕ್ಟರಿಗೆ, ಅಂಗಡಿಯವರಿಗೆ ವಿಷಯ ತಿಳಿಸಿರಬೇಕು. ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಮನೆಯಲ್ಲಿ ಹುಡುಕಲು ಬರುವ ಜನವೂ ಕಡಿಮೆ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಎಂದರೆ ಮರೆಗುಳಿತನದ ಕಾಯಿಲೆ, ಇದೆಯೆಂದು ಅಂದಾಜು ಮಾಡಿತು. ಇದರಲ್ಲಿ ಆಲ್ಜೈಮರ್ ಪ್ರಧಾನವಾದದ್ದು. ಪೇಟೆಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಓದಿದವರಿಗೆ, ಚುರುಕಾಗಿ ಬಾಳಿದವರಿಗೆ ಬರುವುದೇ ಇಲ್ಲವೆಂಬ ಭ್ರಮೆಯೂ ಬೇಡ. ಮಂಗಳೂರಿನಲ್ಲಿ ಹುಟ್ಟಿ, ಹಲವು ಭಾಷೆಗಳಲ್ಲಿ ಭಾಷಣ ಮಾಡುತ್ತಿದ್ದ ಜಾರ್ಜ್ ಫರ್ನಾಂಡಿಸ್ ತಮ್ಮ ಕೊನೆಯ ವರ್ಷಗಳನ್ನು ಈ ಕಾಯಿಲೆಯಲ್ಲೇ ಕಳೆದು 2019ರಲ್ಲಿ ತೀರಿಕೊಂಡರು. ಗುಣಪಡಿಸುವ ಔಷಧ ಇನ್ನೂ ಇಲ್ಲ. ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರಲ್ಲಿ ಕೆಲಕಾಲ ಲಕ್ಷಣಗಳನ್ನು ಹತೋಟಿಯಲ್ಲಿಡುತ್ತವೆ, ಅಷ್ಟೇ. ಹಾಗೆಂದು ವೈದ್ಯರ ಬಳಿ ಹೋಗದಿರುವುದು ತಪ್ಪು. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದು, ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಇನ್ನು ನಡುವಯಸ್ಸಿನ ತಂದೆತಾಯಿಗಳ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು ಇವನ್ನು ಅಲಕ್ಷಿಸಿದರೆ ಮುಂದೆ ಈ ಕಾಯಿಲೆಯ ಸಂಭವ ಹೆಚ್ಚುತ್ತದೆಂಬುದು ಈಗ ತಿಳಿದಿರುವ ವಿಷಯ.

ಇಷ್ಟೆಲ್ಲದರ ಭಾರ ಹೊರುವವರು ಸಾಮಾನ್ಯವಾಗಿ ಒಬ್ಬರೇ, ಹೆಂಡತಿ ಇಲ್ಲವೇ ಸೊಸೆ. ದಿನಕ್ಕೆ ಮೂವತ್ತು ಸಲ ಅದೇ ಪ್ರಶ್ನೆಗೆ ಉತ್ತರಿಸಿ, ರಾತ್ರಿ ನಿದ್ದೆಗೆಟ್ಟು, ಮೇಲೆ “ಸೊಸೆ ಊಟ ಹಾಕಲಿಲ್ಲ” ಎಂದು ಬಂದವರೆದುರು ದೂರು ಕೇಳಿಸಿಕೊಳ್ಳುವವರು ಅವರು. ಊಟ ಮಾಡಿದ್ದು ಅತ್ತೆಗೆ ಮರೆತಿರುತ್ತದೆ, ದೂರು ನೆಂಟರಿಗೆ ನೆನಪಿರುತ್ತದೆ! ಮಾತಾಡಲೇಬೇಕೆನಿಸಿದರೆ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಆಪ್ತಸಲಹೆ ದೊರೆಯುತ್ತದೆ. ಅದಕ್ಕಿಂತ ಮೊದಲು ಬೇಕಾದದ್ದು ದಿನಕ್ಕೆ ಎರಡು ಗಂಟೆ ಬಿಡುವು. ಅದನ್ನು ಮನೆಯಲ್ಲಿ ಓದುವ ಹುಡುಗ ಹುಡುಗಿಯರು ಕೊಡಬಲ್ಲರು.

ಹೆಸರು ಮರೆತ ಕೈಗೆ ಕೆಲಸ ಮರೆತಿರುವುದಿಲ್ಲ. ಮೆಟ್ಟುಗತ್ತಿ ದೂರವಿಟ್ಟು, ಸುಲಿದ ಅಡಿಕೆಯ ಒಂದು ಬುಟ್ಟಿಯನ್ನು ಆರಿಸಲು ಮುಂದಿಟ್ಟರೆ ಅಜ್ಜಿ ಕುಳಿತುಕೊಳ್ಳುತ್ತಾರೆ. ಎದುರಿಗೆ ಪುಸ್ತಕ ಹಿಡಿದು ಮೊಮ್ಮಗಳು ಕುಳಿತರೆ ಸಾಕು. ರಜೆಗೆ ಬಂದವರೂ ಅಷ್ಟೇ, “ಅಜ್ಜಿ, ನಾನು ನಿಮ್ಮ ಎರಡನೇ ಮಗಳ ಮಗ, ಬೆಂಗಳೂರಿಂದ ಬಂದೆ” ಎಂದು ತಾವೇ ಮೊದಲು ಹೇಳಿ ಪಕ್ಕದಲ್ಲಿ ಕುಳಿತುಕೊಳ್ಳಬಹುದು. ಹತ್ತು ನಿಮಿಷ ಬಿಟ್ಟು ಮತ್ತೆ ಹೇಳಬೇಕಾಗುತ್ತದೆ.